ಟಿಕೆಟ್ ಇಲ್ಲದ ಪಾರ್ಕಿಗೆ ಬೆಲೆ ಕಟ್ಟಿದ ಹೆರಾಲ್ಡ್ ಹೊಟೆಲಿಂಗ್

ಡೇಟಾದಲ್ಲಿ ಕಾಲಮ್‌ಗಳು ಜಾಸ್ತಿ ಆದಾಗ ನಾವೆಲ್ಲ ಮಾಡೋದು ಒಂದೇ ಕೆಲಸ. ಪಿಸಿಎ ಹಾಕು ಅಂತಾರೆ, ಹಾಕ್ತೀವಿ. ಒಂದು ಸಾಲು ಕೋಡ್, ಎಂಟರ್, ಮುಗೀತು. ಕಳೆದ ಸೆಮಿಸ್ಟರಿನಲ್ಲಿ ಸೀನಿಯರ್ ಒಬ್ಬರ ಪ್ರಾಜೆಕ್ಟಿಗೆ ಸಹಾಯ ಮಾಡೋಕೆ ಕೂತಾಗ, ಈ ಪಿಸಿಎ ಅನ್ನೋದು ಎಲ್ಲಿಂದ ಬಂತು ಅಂತ ಸುಮ್ಮನೆ ಹುಡುಕಿದೆ. ಹೆರಾಲ್ಡ್ ಹೊಟೆಲಿಂಗ್ ಅನ್ನೋ ಹೆಸರು ಸಿಕ್ಕಿತು. (ಹೋಟೆಲಿಗೂ ಅವರಿಗೂ ಏನೂ ಸಂಬಂಧವಿಲ್ಲ. ನಾನೂ ಮೊದಲು ನಕ್ಕೆ.) ಆಮೇಲೆ ನೋಡಿದರೆ ಈ ಮನುಷ್ಯ ಎಲ್ಲ ಕಡೆ ಇದ್ದಾರೆ. ಸ್ಟ್ಯಾಟಿಸ್ಟಿಕ್ಸಿನಲ್ಲಿ ಇದ್ದಾರೆ, ಗಣಿಗಳ ಅರ್ಥಶಾಸ್ತ್ರದಲ್ಲಿ ಇದ್ದಾರೆ, ಒಂದೇ ಬೀದಿಯಲ್ಲಿ ಎರಡು ಅಂಗಡಿ ಯಾಕೆ ಪಕ್ಕಪಕ್ಕ ಬರುತ್ತವೆ ಅನ್ನೋ ಪ್ರಶ್ನೆಯಲ್ಲೂ ಇದ್ದಾರೆ. ಆದರೆ ನನಗೆ ಹಿಡಿಸಿದ್ದು ಅವರು 1947ರಲ್ಲಿ ಬರೆದ ಒಂದು ಪತ್ರ. ಕಾಡು, ಕೊಳ್ಳ, ಜಲಪಾತ, ಇವಕ್ಕೆಲ್ಲ ಜನ ನಿಜವಾಗಿ ಎಷ್ಟು ಬೆಲೆ ಕೊಡಲು ತಯಾರಿದ್ದಾರೆ ಅಂತ ಲೆಕ್ಕ ಹಾಕುವ ದಾರಿ ಆ ಪತ್ರದಲ್ಲಿತ್ತು.

ಹೊಟೆಲಿಂಗ್ ಹುಟ್ಟಿದ್ದು 1895ರ ಸೆಪ್ಟೆಂಬರ್ 29ರಂದು, ಅಮೆರಿಕದ ಮಿನ್ನೆಸೋಟಾ ರಾಜ್ಯದ ಫುಲ್ಡಾ ಅನ್ನೋ ಸಣ್ಣ ಊರಲ್ಲಿ. ಅವರು ಇನ್ನೂ ಹುಡುಗನಾಗಿದ್ದಾಗಲೇ ಮನೆಯವರು ಪಶ್ಚಿಮ ಕರಾವಳಿಯ ಸಿಯಾಟಲ್‌ಗೆ ಹೋದರು. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಗಣಿತ ಅಲ್ಲ, ಪತ್ರಿಕೋದ್ಯಮ. ಮಧ್ಯದಲ್ಲಿ ಮೊದಲ ಮಹಾಯುದ್ಧ ಬಂದು ಸೈನ್ಯ ಸೇರಬೇಕಾಯಿತು. ಓದಿದ ಹುಡುಗ, ತಲೆಗೆ ಕೆಲಸ ಕೊಡ್ತಾರೆ ಅಂತ ಅಂದುಕೊಂಡಿದ್ದರೆ, ಸೈನ್ಯ ಕೊಟ್ಟದ್ದು ಹೇಸರಗತ್ತೆ ಮೇಯಿಸುವ ಕೆಲಸ. ಡೈನಮೈಟ್ ಅನ್ನೋ ಹೆಸರಿನ ಒಂದು ಹೇಸರಗತ್ತೆ ಅವರ ಕಾಲು ಮುರಿಯಿತು. ಜೊತೆಯವರು ಫ್ರಾನ್ಸಿನ ಯುದ್ಧಭೂಮಿಗೆ ಹೊರಟಾಗ ಇವರು ಇಲ್ಲೇ ಉಳಿದರು. ನಾವು ಇವತ್ತು ಬಳಸೋ ಎಷ್ಟೋ ಫಾರ್ಮುಲಾಗಳು ಆ ಕತ್ತೆಯ ಒದೆಯಿಂದ ಉಳಿದವು ಅನ್ನಬಹುದು.

1919ರಲ್ಲಿ ಡಿಗ್ರಿ ಮುಗಿಸಿ ಸ್ವಲ್ಪ ಕಾಲ ಪತ್ರಿಕೆಗಳಲ್ಲಿ ಕೆಲಸ ಮಾಡಿದರು. ಅದೇ ವಿಶ್ವವಿದ್ಯಾಲಯದಲ್ಲಿ ಗಣಿತ ಪಾಠ ಮಾಡುತ್ತಿದ್ದ ಎರಿಕ್ ಟೆಂಪಲ್ ಬೆಲ್ ಈ ಹುಡುಗನ ತಲೆ ಓಡುವ ರೀತಿಯನ್ನು ಗುರುತಿಸಿ ಗಣಿತದ ಕಡೆ ತಳ್ಳಿದರು. ಮುಂದೆ ಗಣಿತಜ್ಞರ ಜೀವನಚರಿತ್ರೆಗಳ ಪುಸ್ತಕದಿಂದ ಹೆಸರಾದ ಬೆಲ್ ಇವರೇ. 1921ರಲ್ಲಿ ಗಣಿತದಲ್ಲಿ ಮಾಸ್ಟರ್ಸ್ ಆಯಿತು. ಆಮೇಲೆ ಪ್ರಿನ್ಸ್‌ಟನ್. ಮನಸ್ಸಿದ್ದದ್ದು ಸ್ಟ್ಯಾಟಿಸ್ಟಿಕ್ಸ್ ಮೇಲೆ, ಆದರೆ ಅಲ್ಲಿ ಅದನ್ನು ಹೇಳಿಕೊಡುವವರು ಇರಲಿಲ್ಲ. ಹಾಗಾಗಿ 1924ರಲ್ಲಿ ಪಿಎಚ್‌ಡಿ ಪಡೆದದ್ದು ಟೋಪಾಲಜಿಯಲ್ಲಿ. ಬೇಕಾದ ಬ್ರಾಂಚ್ ಸಿಗದೆ ಸಿಕ್ಕಿದ್ದನ್ನು ಓದುವ ಕಷ್ಟ ನಮಗೊಬ್ಬರಿಗೇ ಅಲ್ಲ ಅಂತ ಸಮಾಧಾನ ಆಯಿತು.

ಅದೇ ವರ್ಷ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಬೆಳೆ ಎಷ್ಟು ಬರುತ್ತದೆ, ಜನಸಂಖ್ಯೆ ಹೇಗೆ ಬೆಳೆಯುತ್ತದೆ, ಇಂಥ ಪ್ರಶ್ನೆಗಳು. ಇಂಗ್ಲೆಂಡಿನ ರೊನಾಲ್ಡ್ ಫಿಶರ್ 1925ರಲ್ಲಿ ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ಒಂದು ಪುಸ್ತಕ ತಂದಾಗ ಅದರ ಮಹತ್ವ ಮೊದಲೇ ಹಿಡಿದ ಕೆಲವೇ ಅಮೆರಿಕನ್ನರಲ್ಲಿ ಹೊಟೆಲಿಂಗ್ ಒಬ್ಬರು. 1929ರಲ್ಲಿ ಅವರು ಫಿಶರ್ ಇದ್ದ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೇ ಹೋಗಿ ಕೆಲವು ತಿಂಗಳು ಇದ್ದು ಕಲಿತು ಬಂದರು.

1929ರಲ್ಲೇ ಬೀದಿ ಅಂಗಡಿಗಳ ಲೇಖನ ಬಂತು. ಉದ್ದ ಬೀದಿಯಲ್ಲಿ ಎರಡು ಅಂಗಡಿ, ಎರಡೂ ಒಂದೇ ಸಾಮಾನು ಮಾರುತ್ತವೆ. ಗಿರಾಕಿ ಹತ್ತಿರದ ಅಂಗಡಿಗೆ ಹೋಗ್ತಾನೆ. ಹಾಗಾದರೆ ಪ್ರತಿ ಅಂಗಡಿಯವನೂ ಇನ್ನೊಬ್ಬನ ಕಡೆ ಸರಿಯುತ್ತಾ ಹೋಗಿ ಕೊನೆಗೆ ಇಬ್ಬರೂ ಬೀದಿ ಮಧ್ಯೆ ಒಂದೇ ಕಡೆ ನಿಲ್ಲುತ್ತಾರೆ. ಬೀದಿ ತುದಿಯ ಮನೆಯವರಿಗೆ ನಡೆಯೋದೇ ಗತಿ. ನಮ್ಮ ಗೇಟಿನ ಎದುರು ಜೆರಾಕ್ಸ್ ಅಂಗಡಿಗಳು ಯಾಕೆ ಅಂಟಿಕೊಂಡಿವೆ ಅಂತ ಕೇಳುವವರು ಇದನ್ನು ನೋಡಬಹುದು. ಇಲ್ಲಿ ಒಂದು ವಿಷಯ ನೆನಪಿಡಿ: ದೂರ ನಡೆಯುವುದೂ ಒಂದು ಖರ್ಚು ಅಂತ ಹೊಟೆಲಿಂಗ್ ಆಗಲೇ ಲೆಕ್ಕಕ್ಕೆ ಹಿಡಿದಿದ್ದರು. ಹದಿನೆಂಟು ವರ್ಷದ ನಂತರ ಅದು ಕೆಲಸಕ್ಕೆ ಬಂತು.

1931 ಅವರ ದೊಡ್ಡ ವರ್ಷ. ಒಂದು ಕಡೆ ಟಿ-ಸ್ಕ್ವೇರ್ಡ್ ಪರೀಕ್ಷೆ ಪ್ರಕಟವಾಯಿತು. ನಾವು ಓದೋ ಸ್ಟೂಡೆಂಟ್ ಟಿ ಟೆಸ್ಟ್ ಒಂದು ಅಳತೆಗೆ ಮಾತ್ರ, ಇದು ಒಟ್ಟಿಗೆ ಹಲವು ಅಳತೆಗಳಿಗೆ. (ಕಲ್ಕತ್ತಾದಲ್ಲಿ ಮಹಲನೋಬಿಸ್ ಕಟ್ಟಿದ ಡಿ-ಸ್ಕ್ವೇರ್ಡ್ ಇದರ ಹತ್ತಿರದ ನೆಂಟ. ಮಹಲನೋಬಿಸ್ ಜೊತೆ ಕೆಲಸ ಮಾಡಿದ ರಾಜಚಂದ್ರ ಬೋಸ್ ಮುಂದೆ ಹೊಟೆಲಿಂಗ್ ಇದ್ದ ವಿಶ್ವವಿದ್ಯಾಲಯಕ್ಕೇ ಪ್ರೊಫೆಸರ್ ಆಗಿ ಹೋದರು.) ಇನ್ನೊಂದು ಕಡೆ ಗಣಿಗಳ ಬಗ್ಗೆ ಲೇಖನ. ನೆಲದೊಳಗಿನ ಅದಿರನ್ನು ಇವತ್ತೇ ತೆಗೆದು ಮಾರಿ ದುಡ್ಡು ಬ್ಯಾಂಕಿಗೆ ಹಾಕಿದರೆ ಬಡ್ಡಿ ಬರುತ್ತದೆ, ಬಿಟ್ಟರೆ ನಾಳೆ ಬೆಲೆ ಏರಬಹುದು. ಎರಡೂ ಸಮ ಆಗಬೇಕಾದರೆ, ತೆಗೆಯುವ ಖರ್ಚು ಕಳೆದ ಬೆಲೆ ಬಡ್ಡಿಯ ವೇಗದಲ್ಲೇ ಏರಬೇಕು. ಮುಗಿದುಹೋಗುವ ವಸ್ತುಗಳ ಅರ್ಥಶಾಸ್ತ್ರ ಇವತ್ತಿಗೂ ಶುರುವಾಗೋದು ಈ ಲೇಖನದಿಂದ.

ಅದೇ ವರ್ಷ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಅರ್ಥಶಾಸ್ತ್ರದ ಪ್ರೊಫೆಸರ್ ಅನ್ನೋ ಬೋರ್ಡ್, ಒಳಗೆ ಪಾಠ ಮಾತ್ರ ಗಣಿತದ ಸ್ಟ್ಯಾಟಿಸ್ಟಿಕ್ಸ್. 1932ರಲ್ಲಿ ಹೆಂಡತಿ ಫ್ಲಾಯ್ ತೀರಿಕೊಂಡರು, ಮನೆಯಲ್ಲಿ ಎರಡು ಮಕ್ಕಳು. 1934ರಲ್ಲಿ ಸುಸಾನಾ ಅವರನ್ನು ಮದುವೆಯಾದರು, ಮನೆ ದೊಡ್ಡದಾಯಿತು. ಈ ಎರಡು ಘಟನೆಗಳ ನಡುವೆ, 1933ರಲ್ಲಿ, ಪಿಸಿಎ ಲೇಖನ ಬಂದಿದೆ. ಅದು ಪ್ರಕಟವಾದದ್ದು ಶಿಕ್ಷಣ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ: ಮಕ್ಕಳ ಹಲವು ಪರೀಕ್ಷೆಗಳ ಅಂಕಗಳ ಹಿಂದೆ ಅಡಗಿರುವ ಕೆಲವೇ ದಿಕ್ಕುಗಳನ್ನು ಹುಡುಕುವುದು ಹೇಗೆ ಅಂತ. ಕಾರ್ಲ್ ಪಿಯರ್ಸನ್ 1901ರಲ್ಲೇ ಇದರ ಬೀಜ ಹಾಕಿದ್ದರು, ಹೆಸರು ಮತ್ತು ಪೂರ್ತಿ ರೂಪ ಕೊಟ್ಟದ್ದು ಹೊಟೆಲಿಂಗ್.

ಈಗ ಪತ್ರದ ಹತ್ತಿರ ಬರೋಣ. ಅದಕ್ಕೆ ಮುಂಚೆ ಒಂದು ಸೇತುವೆ ದಾಟಬೇಕು.

ಫ್ರಾನ್ಸಿನಲ್ಲಿ ಝೂಲ್ ದ್ಯುಪುಯಿ ಅನ್ನೋ ಒಬ್ಬ ಸಿವಿಲ್ ಎಂಜಿನಿಯರ್ ಇದ್ದರು. 1844ರಲ್ಲಿ ಅವರು ಕೇಳಿದ ಪ್ರಶ್ನೆ: ಸೇತುವೆಯಿಂದ ಜನರಿಗೆ ಆದ ಉಪಯೋಗ ಅಂದರೆ ವಸೂಲಾದ ಟೋಲ್ ಮಾತ್ರವಾ? ಅಲ್ಲ. ಬಿಸಿಲಲ್ಲಿ ಬಂದು 30 ರೂಪಾಯಿ ಕೊಟ್ಟು ಕಬ್ಬಿನ ಹಾಲು ಕುಡೀತೀರಿ ಅಂತಿಟ್ಟುಕೊಳ್ಳಿ. ಆ ಬಾಯಾರಿಕೆಗೆ 50 ಕೇಳಿದ್ದರೂ ಕೊಡ್ತಿದ್ರಿ. ಆ 20 ರೂಪಾಯಿ ನಿಮಗೆ ಆದ ಲಾಭ, ಅಂಗಡಿಯವನ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಬರೆದಿರಲ್ಲ. ಅರ್ಥಶಾಸ್ತ್ರದವರು ಇದಕ್ಕೆ ಕನ್ಸ್ಯೂಮರ್ ಸರ್‌ಪ್ಲಸ್ ಅಂತಾರೆ. ಹೊಟೆಲಿಂಗ್ ದ್ಯುಪುಯಿಯ ಈ ಹಳೇ ವಿಚಾರವನ್ನು ಎತ್ತಿಕೊಂಡು, ಎಕನಾಮೆಟ್ರಿಕ್ ಸೊಸೈಟಿಯ ಅಧ್ಯಕ್ಷರಾಗಿ ಮಾಡಿದ ಭಾಷಣದಲ್ಲಿ ಬೆಳೆಸಿದರು. 1938ರಲ್ಲಿ ಅದು ಲೇಖನವಾಗಿ ಬಂತು. ಸೇತುವೆ ಒಮ್ಮೆ ಕಟ್ಟಿದ ಮೇಲೆ, ರಶ್ ಇಲ್ಲದಿದ್ದರೆ, ಇನ್ನೊಬ್ಬ ದಾಟಿದರೆ ಯಾರಿಗೂ ಖರ್ಚಿಲ್ಲ. ಟೋಲ್ ಹಾಕಿದರೆ ಕೆಲವರು ದಾಟದೆ ವಾಪಸ್ ಹೋಗ್ತಾರೆ, ಆ ನಷ್ಟ ಯಾರ ಪುಸ್ತಕದಲ್ಲೂ ಕಾಣಲ್ಲ. ಕಟ್ಟಿದ ಖರ್ಚನ್ನು ತೆರಿಗೆಯಿಂದ ತೀರಿಸಿ, ಸೇತುವೆಯನ್ನು ಬಿಟ್ಟಿ ಬಿಡಿ ಅನ್ನೋದು ಅವರ ವಾದ. ರೈಲು, ವಿದ್ಯುತ್ ದರಗಳಿಗೂ ಇದೇ ತರ್ಕ. ಇದನ್ನು ಒಪ್ಪದವರು ಆಗಲೂ ತುಂಬಾ ಜನ ಇದ್ದರು. ಸೇತುವೆಯನ್ನೇ ದಾಟದವನು ತೆರಿಗೆ ಯಾಕೆ ಕಟ್ಟಬೇಕು ಅನ್ನೋ ಪ್ರಶ್ನೆಗೆ ನನಗೂ ಪೂರ್ತಿ ಉತ್ತರ ಸಿಕ್ಕಿಲ್ಲ. ಆದರೆ ವಸೂಲಾದ ದುಡ್ಡೇ ಬೆಲೆ ಅಲ್ಲ ಅನ್ನೋ ಮಾತು ಮಾತ್ರ ಗಟ್ಟಿ.

ಕೊಲಂಬಿಯಾದ ಆ ವರ್ಷಗಳಲ್ಲಿ ಹೊಟೆಲಿಂಗ್ ಬಾಗಿಲು ಯಾವಾಗಲೂ ತೆರೆದೇ ಇತ್ತು. ಯುರೋಪಿನಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು 1938ರಲ್ಲಿ ಬಂದ ಅಬ್ರಹಾಂ ವಾಲ್ಡ್‌ಗೆ ಅಲ್ಲಿ ನೆಲೆ ಮಾಡಿಕೊಟ್ಟವರು ಇವರು. ಎರಡನೇ ಮಹಾಯುದ್ಧದಲ್ಲಿ ಕೊಲಂಬಿಯಾದ ಸ್ಟ್ಯಾಟಿಸ್ಟಿಕಲ್ ರಿಸರ್ಚ್ ಗ್ರೂಪಿನಲ್ಲಿ ಇಬ್ಬರೂ ಕೆಲಸ ಮಾಡಿದರು. ಗುಂಡು ತಗುಲಿ ವಾಪಸ್ ಬಂದ ವಿಮಾನಗಳ ಪ್ರಸಿದ್ಧ ಕಥೆ ಇದೆಯಲ್ಲ, ಅದರ ವಾಲ್ಡ್ ಇವರೇ. 1950ರಲ್ಲಿ ಉಪನ್ಯಾಸಕ್ಕೆ ಭಾರತಕ್ಕೆ ಬಂದಿದ್ದಾಗ ನೀಲಗಿರಿ ಬೆಟ್ಟದಲ್ಲಿ ವಿಮಾನ ಅಪಘಾತವಾಗಿ ವಾಲ್ಡ್ ದಂಪತಿ ತೀರಿಕೊಂಡರು. ಕೊಲಂಬಿಯಾದಲ್ಲಿದ್ದ ಇನ್ನೊಬ್ಬ ಹುಡುಗ ಕೆನೆತ್ ಆರೋ. ಗಣಿತ ಓದಲು 1940ರಲ್ಲಿ ಬಂದವರು, ಕೈಯಲ್ಲಿ ದುಡ್ಡಿರಲಿಲ್ಲ. ಗಣಿತ ವಿಭಾಗದಲ್ಲಿ ಹೊಟೆಲಿಂಗ್ ಮಾತು ನಡೆಯುತ್ತಿರಲಿಲ್ಲ, ಅರ್ಥಶಾಸ್ತ್ರಕ್ಕೆ ಬಂದರೆ ಫೆಲೋಶಿಪ್ ಕೊಡಿಸಬಹುದಿತ್ತು. ಹುಡುಗ ಬಂದ. 1972ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ. ಆರೋ ಹೆಸರು ಇಟ್ಟುಕೊಂಡಿರಿ, ಕೊನೆಯಲ್ಲಿ ಬೇಕಾಗುತ್ತದೆ.

ಇಷ್ಟೆಲ್ಲ ಆದರೂ ಕೊಲಂಬಿಯಾ ಪ್ರತ್ಯೇಕ ಸ್ಟ್ಯಾಟಿಸ್ಟಿಕ್ಸ್ ವಿಭಾಗ ಮಾಡಿರಲಿಲ್ಲ. 1946ರಲ್ಲಿ ನಾರ್ತ್ ಕ್ಯಾರೊಲೈನಾದ ಚಾಪೆಲ್ ಹಿಲ್‌ನವರು ವಿಭಾಗ ಕಟ್ಟಲು ಕರೆದಾಗ ಹೊಟೆಲಿಂಗ್ ಹೊರಟೇಬಿಟ್ಟರು. ಅವರು ಹೋದ ಮೇಲೆ ಕೊಲಂಬಿಯಾ ವಿಭಾಗ ಮಾಡಿತು!

ಪತ್ರ ಹೋದದ್ದು ಚಾಪೆಲ್ ಹಿಲ್‌ನಿಂದ, 1947ರ ಜೂನ್ 18ರಂದು. ಸಂದರ್ಭ ಹೀಗೆ. ಅಮೆರಿಕದಲ್ಲಿ ಆಗ ಅಣೆಕಟ್ಟುಗಳ ಕಾಲ. 1936ರ ಪ್ರವಾಹ ನಿಯಂತ್ರಣ ಕಾಯ್ದೆ ಬಂದಾಗಿನಿಂದ, ಇಂಥ ಯೋಜನೆಯಿಂದ ಯಾರಿಗೇ ಆಗಲಿ ಆಗುವ ಲಾಭ ಖರ್ಚಿಗಿಂತ ಹೆಚ್ಚು ಅಂತ ತೋರಿಸಬೇಕಿತ್ತು. ಅಣೆಕಟ್ಟಿನ ಎಂಜಿನಿಯರುಗಳಿಗೆ ಅದು ಕಷ್ಟವಲ್ಲ: ಇಷ್ಟು ಯೂನಿಟ್ ವಿದ್ಯುತ್, ಇಷ್ಟು ಎಕರೆ ನೀರಾವರಿ, ಡಾಲರಿನಲ್ಲಿ ಕೂಡಿಸು. ಆದರೆ ಅದೇ ಕಣಿವೆಯನ್ನು ಹಾಗೇ ಬಿಟ್ಟರೆ ಏನು ಲಾಭ? ನ್ಯಾಷನಲ್ ಪಾರ್ಕ್ ಸರ್ವಿಸ್‌ನವರ ಹತ್ತಿರ ಆ ಕಾಲಮ್ಮಿಗೆ ಹಾಕಲು ಸಂಖ್ಯೆಯೇ ಇರಲಿಲ್ಲ. ಗೇಟಿನಲ್ಲಿ ಬರುವ ಶುಲ್ಕ ತೋರಿಸಿದರೆ ಅದು ಏನೂ ಅಲ್ಲ. ಖಾಲಿ ಬಿಟ್ಟರೆ ಸೊನ್ನೆ ಅಂತ ಓದಿಕೊಳ್ತಾರೆ. ಹಾಗಾಗಿ ಸರ್ವಿಸ್‌ನ ನಿರ್ದೇಶಕ ನ್ಯೂಟನ್ ಡ್ರೂರಿ ಕೆಲವು ಅರ್ಥಶಾಸ್ತ್ರಜ್ಞರಿಗೆ ಬರೆದು, ಪಾರ್ಕಿನ ಪ್ರಯೋಜನವನ್ನು ಹಣದಲ್ಲಿ ಅಳೆಯಲು ಸಾಧ್ಯವೇ ಅಂತ ಕೇಳಿದರು. ಬಹುತೇಕರ ಉತ್ತರ ಆಗಲ್ಲ ಅಂತಲೇ.

ಹೊಟೆಲಿಂಗ್ ಆಗುತ್ತದೆ ಅಂದರು. ಅವರ ಉಪಾಯ ಎಷ್ಟು ಸರಳ ಅಂದರೆ, ಓದಿದ ಮೇಲೆ ನಮಗೇ ಯಾಕೆ ಹೊಳೀಲಿಲ್ಲ ಅನ್ನಿಸುತ್ತದೆ. ಪಾರ್ಕಿನ ಸುತ್ತ ಕೊಡೆಯ ಹಾಗೆ ವೃತ್ತಗಳನ್ನು ಎಳೆಯಿರಿ, ಒಂದೊಂದು ವಲಯದಿಂದ ಬರುವ ಪ್ರಯಾಣದ ಖರ್ಚು ಸುಮಾರು ಒಂದೇ ಇರುವಂತೆ. ಒಂದು ವರ್ಷದಲ್ಲಿ ಬಂದವರನ್ನು, ಅಥವಾ ಅವರಲ್ಲಿ ಸರಿಯಾಗಿ ಆರಿಸಿದ ಒಂದು ಸ್ಯಾಂಪಲನ್ನು, ಯಾವ ವಲಯದಿಂದ ಬಂದರು ಅಂತ ಪಟ್ಟಿ ಮಾಡಿ. ಆ ವಲಯದ ಜನಸಂಖ್ಯೆ ಗೊತ್ತೇ ಇದೆ. ಇನ್ನು ಯಾರನ್ನೂ ಏನೂ ಕೇಳಬೇಕಾಗಿಲ್ಲ. ಪಾರ್ಕಿಗೆ ಟಿಕೆಟ್ ಇಲ್ಲದಿರಬಹುದು, ಆದರೆ ದೂರವೇ ಟಿಕೆಟ್. ಬಂದಿದ್ದಾರೆ ಅಂದಮೇಲೆ ಬಂದ ಖರ್ಚಿನಷ್ಟಾದರೂ ಅದು ಅವರಿಗೆ ಬೆಲೆಬಾಳುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ, ಸಂಖ್ಯೆಗಳು ನನ್ನವು. ಹತ್ತಿರದ ವಲಯದಿಂದ ಹೋಗಿಬರುವ ಖರ್ಚು 100 ರೂಪಾಯಿ, ಅಲ್ಲಿಂದ ವರ್ಷಕ್ಕೆ ಸಾವಿರ ಜನರಿಗೆ 400 ಭೇಟಿ. ಎರಡನೇ ವಲಯದಿಂದ 300 ರೂಪಾಯಿ, ಸಾವಿರಕ್ಕೆ 200 ಭೇಟಿ. ಮೂರನೆಯದರಿಂದ 500 ರೂಪಾಯಿ, ಯಾರೂ ಬರಲ್ಲ. ಈಗ ಗೇಟಿನಲ್ಲಿ 200 ರೂಪಾಯಿ ಟಿಕೆಟ್ ಹಾಕಿದರೆ ಹತ್ತಿರದವರ ಒಟ್ಟು ಖರ್ಚು 300 ಆಗುತ್ತದೆ. ಅವರೂ ಎರಡನೇ ವಲಯದವರಂಥ ಜನರೇ ಆಗಿದ್ದರೆ ಭೇಟಿ 200ಕ್ಕೆ ಇಳಿಯುತ್ತದೆ. 400 ರೂಪಾಯಿ ಹಾಕಿದರೆ ಸೊನ್ನೆ. ಅಂದರೆ ಒಮ್ಮೆಯೂ ಟಿಕೆಟ್ ಹಾಕದೆ, ಹಾಕಿದ್ದರೆ ಏನಾಗುತ್ತಿತ್ತು ಅನ್ನೋ ಗ್ರಾಫ್ ಸಿಕ್ಕಿಬಿಟ್ಟಿತು. ಗೆರೆಯ ಕೆಳಗಿನ ತ್ರಿಕೋನ 400 ಗುಣಿಸು 400ರ ಅರ್ಧ, 80,000 ರೂಪಾಯಿ. ಎರಡನೇ ವಲಯಕ್ಕೆ 200 ಗುಣಿಸು 200ರ ಅರ್ಧ, 20,000. ಇದು ಪ್ರತಿ ಸಾವಿರ ಜನರಿಗೆ. ವಲಯದ ಜನಸಂಖ್ಯೆಯಿಂದ ಗುಣಿಸಿ ಕೂಡಿಸಿದರೆ ಪಾರ್ಕಿನ ವಾರ್ಷಿಕ ಲಾಭ. ನಿಜವಾದ ಡೇಟಾ ಹೀಗೆ ನೇರ ಗೆರೆಯಲ್ಲಿ ಕೂರುವುದಿಲ್ಲ, ಅಲ್ಲಿ ಕರ್ವ್ ಫಿಟ್ಟಿಂಗ್ ಮತ್ತು ಇಂಟಿಗ್ರೇಶನ್ ಬೇಕು. ಫಸ್ಟ್ ಇಯರ್ ಗಣಿತದಲ್ಲಿ ಮಾರ್ಕ್ಸಿಗಾಗಿ ಮಾಡಿದ ಇಂಟಿಗ್ರೇಶನ್ ಹೀಗೆ ಒಂದು ಕಣಿವೆಯ ಪರವಾಗಿ ವಾದ ಮಾಡಬಲ್ಲದು ಅಂತ ಯಾರೂ ನಮಗೆ ಹೇಳಿರಲಿಲ್ಲ.

ಪಾರ್ಕ್ ಸರ್ವಿಸ್ ಏನು ಮಾಡಿತು? 1949ರಲ್ಲಿ ಬಂದ ವರದಿಯಲ್ಲಿ ಪತ್ರವನ್ನು ಅಚ್ಚು ಮಾಡಿ, ವಿಧಾನವನ್ನು ಕೈಬಿಟ್ಟಿತು. ಆ ಹೊತ್ತಿಗೆ ಡೈನೋಸಾರ್ ರಾಷ್ಟ್ರೀಯ ಸ್ಮಾರಕದ ಒಳಗೆ ಎಕೋ ಪಾರ್ಕ್ ಅನ್ನೋ ಜಾಗದಲ್ಲಿ ಅಣೆಕಟ್ಟು ಕಟ್ಟುವ ಗಲಾಟೆ ಏರುತ್ತಿತ್ತು. ಅದನ್ನು ವಿರೋಧಿಸಿದ ಡ್ರೂರಿ 1951ರಲ್ಲಿ ಹುದ್ದೆ ಬಿಡಬೇಕಾಯಿತು. 1956ರ ಕಾಯ್ದೆಯಲ್ಲಿ ಆ ಅಣೆಕಟ್ಟನ್ನು ಕೈಬಿಟ್ಟರು, ಆದರೆ ಅದಕ್ಕೆ ಕಾರಣ ಲೆಕ್ಕವಲ್ಲ, ಜನರ ಚಳವಳಿ. ಇದನ್ನು ಓದಿದಾಗ ನನಗೆ ಸ್ವಲ್ಪ ಪೆಚ್ಚಾಯಿತು. ಹೊಟೆಲಿಂಗ್ ಲೆಕ್ಕ ಕಣಿವೆ ಉಳಿಸಿತು ಅಂತ ಬರೆಯೋ ಆಸೆ ಇತ್ತು.

ಲೆಕ್ಕಕ್ಕೆ ಜೀವ ಬಂದದ್ದು ಆಮೇಲೆ. 1959ರಲ್ಲಿ ಮೇರಿಯನ್ ಕ್ಲಾಸನ್ ನಿಜವಾದ ಪಾರ್ಕುಗಳ ಅಂಕಿಗಳಿಟ್ಟು ಈ ವಿಧಾನ ಮಾಡಿ ತೋರಿಸಿದರು, ಜ್ಯಾಕ್ ಕ್ನೆಟ್ಷ್ ಜೊತೆ 1966ರಲ್ಲಿ ಪುಸ್ತಕವೇ ಬಂತು. ಇವತ್ತು ಇದಕ್ಕೆ ಟ್ರಾವೆಲ್ ಕಾಸ್ಟ್ ವಿಧಾನ ಅಂತ ಹೆಸರು.

ತೊಂದರೆಗಳೂ ಇವೆ. ಒಂದೇ ಟ್ರಿಪ್ಪಿನಲ್ಲಿ ನಾಲ್ಕು ಜಾಗ ನೋಡಿ ಬಂದವರ ಖರ್ಚನ್ನು ಹೇಗೆ ಹಂಚುವುದು? ಬಸ್ಸಿನಲ್ಲಿ ಕಳೆದ ಆರು ಗಂಟೆಗೆ ಎಷ್ಟು ರೂಪಾಯಿ? ಕಾಡು ಇಷ್ಟ ಅಂತಲೇ ಪಕ್ಕದಲ್ಲಿ ಮನೆ ಮಾಡಿದವನ ಖರ್ಚು ಕಡಿಮೆ ಕಾಣುತ್ತದೆ, ಪ್ರೀತಿ ಜಾಸ್ತಿ ಇರುತ್ತದೆ. ನನಗೆ ಹೆಚ್ಚು ಚುಚ್ಚಿದ್ದು ಬೇರೆ: ಬರಲು ದುಡ್ಡಿಲ್ಲದವನು ಈ ಗ್ರಾಫಿನಲ್ಲಿ ಇಲ್ಲವೇ ಇಲ್ಲ. ಕೊಡಲು ತಯಾರಿರುವ ಬೆಲೆ ಅಂದಾಗ ಕೊಡಲು ಜೇಬಲ್ಲಿ ಇರುವ ದುಡ್ಡೂ ಸೇರಿಕೊಂಡಿರುತ್ತದೆ. ಇನ್ನು ಎಂದೂ ಹೋಗದೆ, ಅದು ಅಲ್ಲಿ ಇರಲಿ ಅಂತ ಮಾತ್ರ ಬಯಸುವವರು? ಅವರು ಪ್ರಯಾಣವೇ ಮಾಡಿಲ್ಲ.

ಆ ಕೊನೆಯ ಪ್ರಶ್ನೆಗೆ ಜನರನ್ನು ಕೇಳದೆ ಬೇರೆ ದಾರಿಯಿಲ್ಲ. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕಾದಲ್ಲಿ ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ಸಮುದ್ರಕ್ಕೆ ಹೋಯಿತು. ಅಲಾಸ್ಕಾ ನೋಡೇ ಇರದ ಅಮೆರಿಕನ್ನರಿಗೆ ಆದ ನಷ್ಟ ಎಷ್ಟು ಅಂತ ಸಮೀಕ್ಷೆ ನಡೆಯಿತು. ಇಂಥ ಅಪಘಾತ ಮತ್ತೆ ಆಗದಂತೆ ತಡೆಯುವ ಯೋಜನೆಗೆ ಇಷ್ಟು ಡಾಲರ್ ಕೊಡಬೇಕಾದರೆ ಮತ ಹಾಕ್ತೀರಾ, ಹೌದೋ ಅಲ್ಲವೋ? ಬೇರೆ ಬೇರೆ ಮನೆಗೆ ಬೇರೆ ಬೇರೆ ಮೊತ್ತ ಹೇಳಿ, ಹೌದು ಅಂದವರ ಪ್ರಮಾಣ ಹೇಗೆ ಇಳಿಯುತ್ತದೆ ಅಂತ ನೋಡಿದರು. ಮಧ್ಯಾಂಕ ಮನೆಗೆ ಸುಮಾರು 31 ಡಾಲರ್, ದೇಶಕ್ಕೆಲ್ಲ ಕೂಡಿಸಿದರೆ ಸುಮಾರು 280 ಕೋಟಿ ಡಾಲರ್. ದೊಡ್ಡ ಜಗಳವೇ ಎದ್ದಿತು. ಬಾಯಿಮಾತಿಗೆ ಏನು ಬೆಲೆ ಅಂತ ಒಂದು ಕಡೆಯವರು. ಇದನ್ನು ನ್ಯಾಯಾಲಯದಲ್ಲಿ ನಂಬಬಹುದೇ ಅಂತ ತೀರ್ಮಾನಿಸಲು ಸರ್ಕಾರಿ ಸಂಸ್ಥೆ ನೋವಾ ಒಂದು ಸಮಿತಿ ಮಾಡಿತು. ರಾಬರ್ಟ್ ಸೋಲೋ ಜೊತೆ ಅದರ ಅಧ್ಯಕ್ಷರಾಗಿದ್ದವರು ಕೆನೆತ್ ಆರೋ, ಫೆಲೋಶಿಪ್ಪಿಗಾಗಿ ಅರ್ಥಶಾಸ್ತ್ರಕ್ಕೆ ಬಂದ ಆ ಹುಡುಗ. 1993ರಲ್ಲಿ ಅವರ ವರದಿ, ಕಟ್ಟುನಿಟ್ಟಾಗಿ ಮಾಡಿದರೆ ನಂಬಬಹುದು ಅಂದಿತು. ಪ್ರಶ್ನೆ ಹೌದು-ಅಲ್ಲ ಮತದ ರೂಪದಲ್ಲಿರಬೇಕು, ಈ ದುಡ್ಡು ಬೇರೆ ಖರ್ಚಿನಿಂದ ಕಡಿತವಾಗುತ್ತದೆ ಅಂತ ಕೇಳುವಾಗಲೇ ನೆನಪಿಸಬೇಕು ಅಂತೆಲ್ಲ ಷರತ್ತು ಹಾಕಿತು.

ಹೊಟೆಲಿಂಗ್ ಇದನ್ನೆಲ್ಲ ನೋಡಲಿಲ್ಲ. ಅವರ ಬಗ್ಗೆ ಜನ ಹೇಳುವ ಇನ್ನೊಂದು ಕಥೆ 1948ರದ್ದು. ವಿಸ್ಕಾನ್ಸಿನ್‌ನಲ್ಲಿ ಸಭೆ, ಯುವಕ ಜಾರ್ಜ್ ಡ್ಯಾಂಟ್ಸಿಗ್ ಲೀನಿಯರ್ ಪ್ರೋಗ್ರಾಮಿಂಗ್ ಬಗ್ಗೆ ಹೆದರುತ್ತಾ ಮಾತಾಡಿ ಮುಗಿಸಿದರು. ಹೊಟೆಲಿಂಗ್ ದೊಡ್ಡ ಆಳು, ಈಜು ಅಂದರೆ ಪ್ರಾಣ, ಅವರು ಇಳಿದರೆ ಸಮುದ್ರದ ಮಟ್ಟ ಏರುತ್ತದೆ ಅಂತ ತಮಾಷೆ ಮಾಡ್ತಿದ್ದರು. ಅವರು ಎದ್ದು ನಿಂತು, ಜಗತ್ತು ಲೀನಿಯರ್ ಅಲ್ಲವಲ್ಲ ಅಂತ ಒಂದೇ ಮಾತು ಹೇಳಿ ಕೂತುಬಿಟ್ಟರು. ಡ್ಯಾಂಟ್ಸಿಗ್ ತಡವರಿಸುತ್ತಿದ್ದಾಗ ವಾನ್ ನಾಯ್ಮನ್ ಎದ್ದು, ಷರತ್ತುಗಳು ಲೀನಿಯರ್ ಅಂತ ಮೊದಲೇ ಹೇಳಿದ್ದಾರೆ, ನಿಮ್ಮ ಸಮಸ್ಯೆಗೆ ಹೊಂದಿದರೆ ಬಳಸಿ, ಇಲ್ಲದಿದ್ದರೆ ಬಿಡಿ ಅಂತ ಕಾಪಾಡಿದರು. ಆ ದಿನ ಹೊಟೆಲಿಂಗ್ ಸ್ವಲ್ಪ ಜೋರು ಮಾಡಿದರು ಅಂತಲೇ ನನ್ನ ಅಭಿಪ್ರಾಯ.

1972ರಲ್ಲಿ ಪಾರ್ಶ್ವವಾಯು ಬಡಿಯಿತು. 1973ರ ಡಿಸೆಂಬರ್ 26ರಂದು ಚಾಪೆಲ್ ಹಿಲ್‌ನಲ್ಲೇ ತೀರಿಕೊಂಡರು, 78 ವರ್ಷ. ಆ ಊರಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ.